ಖುಲಾಸೆ ಒಬ್ಬರಿಗೆ, ಆರೋಪ ಮನೆಗೆಲ್ಲ

(ಗದಗ-ಬೆಟಗೇರಿಯಲ್ಲಿ ಓದುಗರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಕೇಳಿದ ಕೆಲವು ಪ್ರಶ್ನೆಗಳಿಗೆ ಕೊಟ್ಟ ಉತ್ತರವನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಸುಳ್ಳು ಆರೋಪಕ್ಕೆ ಸಿಕ್ಕಿಬಿದ್ದ ಕುಟುಂಬಗಳ ಬಗ್ಗೆ ಮಾತಾಡಿ ಅಂತ ನೀವು ಕರೆದಾಗ ನನಗೆ ಸಂತೋಷವಾಯಿತು. ಈ ವಿಷಯ ಮಾತಾಡಲು ಗದಗಕ್ಕಿಂತ ಸರಿಯಾದ ಊರು ಇನ್ನೊಂದಿಲ್ಲ. ಯಾಕೆ ಅಂದರೆ, ಇಡೀ ಕುಟುಂಬವನ್ನೇ, ಹುಟ್ಟುವ ಮಗುವನ್ನೂ ಸೇರಿಸಿ, ಅಪರಾಧಿ ಅಂತ ಕಾನೂನೇ ಬರೆದಿಟ್ಟ ಕಾಲ ಒಂದಿತ್ತು. ಅದರ ಗುರುತು ಈ ಊರಲ್ಲೂ ಇದೆ, ನಮ್ಮ ಹುಬ್ಬಳ್ಳಿಯಲ್ಲೂ ಇದೆ. ಎರಡೂ ಕಡೆ ಆ ಜಾಗಕ್ಕೆ ಜನ ಇವತ್ತಿಗೂ ಸೆಟ್ಲ್‌ಮೆಂಟ್ ಅಂತಲೇ ಅನ್ನುತ್ತಾರೆ. ಆಟೋದವರಿಗೆ ಹೇಳಿದರೆ ಸಾಕು, ಕರೆದುಕೊಂಡು ಹೋಗುತ್ತಾರೆ. ಆ ಹೆಸರು ಎಲ್ಲಿಂದ ಬಂತು ಅಂತ ಮಾತ್ರ ಹೆಚ್ಚು ಜನ ಕೇಳುವುದಿಲ್ಲ.

1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. ಮೊದಲು ಅದು ಉತ್ತರ ಭಾರತದಲ್ಲಿತ್ತು. 1911ರಲ್ಲಿ ಅದನ್ನು ಬದಲಾಯಿಸಿ ದೇಶದ ಉಳಿದ ಕಡೆಗೂ ಹಬ್ಬಿಸಿದರು. 1924ರಲ್ಲಿ ಇನ್ನೊಮ್ಮೆ ಬಿಗಿ ಮಾಡಿದರು. ಧಾರವಾಡ ಜಿಲ್ಲೆ ಆಗ ಮುಂಬೈ ಪ್ರಾಂತದಲ್ಲಿತ್ತು, ಗದಗ ಧಾರವಾಡ ಜಿಲ್ಲೆಯಲ್ಲಿತ್ತು. ಗಂಟಿಚೋರರು, ಕೊರವರು, ಹರಣಶಿಕಾರಿಗಳು, ಛಪ್ಪರಬಂದರು ಹೀಗೆ ಎಷ್ಟೋ ಸಮುದಾಯಗಳ ಹೆಸರನ್ನು ಸರ್ಕಾರ ಒಂದು ಪಟ್ಟಿಗೆ ಸೇರಿಸಿತು. ಆ ಪಟ್ಟಿಯಲ್ಲಿ ನಿಮ್ಮ ಜಾತಿ ಇದ್ದರೆ ಮುಗಿಯಿತು. ನೀವು ಏನು ಮಾಡಿದ್ದೀರಿ, ಯಾವಾಗ ಮಾಡಿದ್ದೀರಿ ಅಂತ ಯಾರೂ ತೋರಿಸಬೇಕಿರಲಿಲ್ಲ. ಬೆರಳಚ್ಚು ಕೊಡಬೇಕು, ಕರೆದಾಗ ಹಾಜರಿ ಹಾಕಬೇಕು, ಊರು ಬಿಡಬೇಕಾದರೆ ಪಾಸು ಬೇಕು. ಕುಟುಂಬಗಳನ್ನು ತಂದು ಸೆಟ್ಲ್‌ಮೆಂಟ್ ಅನ್ನುವ ಬೇಲಿಯೊಳಗೆ ಕೂರಿಸಿ ಮಿಲ್ಲಿಗೆ, ರೈಲ್ವೆ ಕೆಲಸಕ್ಕೆ ಕಳಿಸಿದರು. ಮಕ್ಕಳನ್ನು ತಂದೆತಾಯಿಯಿಂದ ಬೇರೆ ಮಾಡಿ ಶಾಲೆಗೆ ಹಾಕುವ ಅಧಿಕಾರವೂ ಆ ಕಾಯ್ದೆಯಲ್ಲಿತ್ತು.

ನನ್ನನ್ನು ಜಾಸ್ತಿ ಕಾಡುವ ಸಾಲು ಬೇರೆ ಇದೆ. ಒಂದು ಸಮುದಾಯವನ್ನು ಅಪರಾಧಿ ಎಂದು ಸಾರಿದ ಪ್ರಕಟಣೆಯನ್ನು ಯಾವ ನ್ಯಾಯಾಲಯವೂ ಪ್ರಶ್ನಿಸುವಂತಿಲ್ಲ ಎಂದು ಕಾಯ್ದೆ ಹೇಳುತ್ತಿತ್ತು. ಕೊಲೆ ಮಾಡಿದವನಿಗೂ ಮೇಲ್ಮನವಿ ಇತ್ತು. ಏನೂ ಮಾಡದ ಈ ಮನೆಗಳಿಗೆ ಇರಲಿಲ್ಲ. ಸ್ವಾತಂತ್ರ್ಯ ಬಂದ ಮೇಲೂ ದೇಶದಲ್ಲಿ ಈ ಕಾಯ್ದೆ ಪೂರ್ತಿ ಹೋಗಿದ್ದು 1952ರ ಆಗಸ್ಟ್ 31ಕ್ಕೆ. ಆ ದಿನವನ್ನು ಈ ಸಮುದಾಯಗಳು ವಿಮುಕ್ತಿಯ ದಿನ ಎಂದು ಆಚರಿಸುತ್ತವೆ.

ಕಾಯ್ದೆ ಹೋಯಿತು. ಪಟ್ಟಿ ಹೋಗಲಿಲ್ಲ. ಅದರ ಜಾಗಕ್ಕೆ ರೂಢಿಗತ ಅಪರಾಧಿಗಳ, ಅಂದರೆ ಮತ್ತೆ ಮತ್ತೆ ಅಪರಾಧ ಮಾಡುವವರ, ಕಾಯ್ದೆಗಳು ಬಂದವು. ಕರ್ನಾಟಕದ್ದು 1961ರದು. ಜೈಲು ಕೈಪಿಡಿಗಳಲ್ಲಿ ಜಾತಿ ನೋಡಿ ಕೆಲಸ ಹಂಚುವ, ಅಲೆಮಾರಿಗಳನ್ನು ಹುಟ್ಟು ಕಳ್ಳರಂತೆ ಕಾಣುವ ನಿಯಮಗಳು ಉಳಿದುಕೊಂಡವು. ಸುಪ್ರೀಂ ಕೋರ್ಟ್ ಅವನ್ನು ಸಂವಿಧಾನಕ್ಕೆ ವಿರುದ್ಧ ಎಂದು ಹೊಡೆದುಹಾಕಿದ್ದು 2024ರ ಅಕ್ಟೋಬರಿನಲ್ಲಿ. ಅಂದರೆ ಮೊನ್ನೆ ಮೊನ್ನೆ.

ಹಳೇ ಕಥೆ ಯಾಕೆ ಅಂತ ಅನ್ನಿಸಬಹುದು. ನಾನು ಹುಬ್ಬಳ್ಳಿ-ಧಾರವಾಡದ ಕೋರ್ಟುಗಳಲ್ಲಿ ಕ್ರಿಮಿನಲ್ ಕೇಸು ನಡೆಸುವ ವಕೀಲೆ. ಅಲ್ಲಿ ದಿನಾ ಕಾಣುವುದು ಇಷ್ಟೇ. ಇವತ್ತಿನ ಕಾನೂನು ಒಬ್ಬ ವ್ಯಕ್ತಿಯ ಮೇಲೆ ಆರೋಪ ಹೊರಿಸುತ್ತದೆ. ಊರು ಮಾತ್ರ ಈಗಲೂ ಮನೆಯ ಮೇಲೆ ಹೊರಿಸುತ್ತದೆ. ಖುಲಾಸೆ ಬಂದಾಗ ಅದು ಒಬ್ಬರ ಹೆಸರಿಗೆ ಬರುತ್ತದೆ, ಕಾಗದದ ಮೇಲೆ ಬರುತ್ತದೆ. ಮನೆಯನ್ನು ಖುಲಾಸೆ ಮಾಡುವ ಕೋರ್ಟು ಎಲ್ಲೂ ಇಲ್ಲ.

ಒಂದು ಮನೆಯ ವಿಷಯ ಹೇಳುತ್ತೇನೆ. ಹಾವೇರಿ ಜಿಲ್ಲೆಯ ಹಳ್ಳಿ. ಗುರುತು ಸಿಗಬಾರದು ಅಂತ ಊರು, ವರ್ಷ ಹೇಳುವುದಿಲ್ಲ. ಹೊಲದ ಬದುವಿನ ಜಗಳ. ಎರಡು ಮನೆಯವರ ನಡುವೆ ಹೊಡೆದಾಟ ಆಯಿತು, ಒಬ್ಬರಿಗೆ ತಲೆಗೆ ಪೆಟ್ಟು ಬಿತ್ತು. ದೂರು ಬರೆಸುವಾಗ ಎದುರಿನ ಮನೆಯ ಎಲ್ಲರ ಹೆಸರೂ ಸೇರಿತು. ಅಲ್ಲಿ ಇದ್ದವರು ಒಬ್ಬರು. ಹೆಸರು ಬಂದಿದ್ದು ಐದು ಮಂದಿಯದು. ಯಜಮಾನರು, ಇಬ್ಬರು ಮಕ್ಕಳು, ಮಂಡಿನೋವಿನ ಅಜ್ಜಿ, ಮನೆಗೆ ಬಂದುಹೋಗುವ ಅಳಿಯ. ಕೊಲೆ ಯತ್ನದ ಕಲಮು ಹಾಕಿದರು. ನಮ್ಮ ಕಡೆ ಇದು ಎಷ್ಟು ಮಾಮೂಲಾಗಿದೆ ಅಂದರೆ ಯಾರಿಗೂ ತಪ್ಪು ಅಂತಲೇ ಅನ್ನಿಸುವುದಿಲ್ಲ. ಎಲ್ಲರನ್ನೂ ಒಳಗೆ ಹಾಕಿಸಿದರೆ ಜಾಮೀನಿಗೆ ಓಡಾಡುವವರು ಯಾರೂ ಇರುವುದಿಲ್ಲ, ಹೊಲ ನೋಡುವವರು ಇರುವುದಿಲ್ಲ. ಲೆಕ್ಕಾಚಾರ ಅದೇ.

ಆ ಅಳಿಯ ಜಗಳದ ಹೊತ್ತಿಗೆ ಬ್ಯಾಡಗಿ ಪೇಟೆಯಲ್ಲಿದ್ದ. ಮೆಣಸಿನಕಾಯಿ ಚೀಲ ಇಳಿಸಿ, ತೂಕ ಹಾಕಿಸಿ, ದಲಾಲರ ಅಂಗಡಿಯಿಂದ ಚೀಟಿ ತಗೊಂಡಿದ್ದ. ಚೀಟಿಯಲ್ಲಿ ತಾರೀಖು ಇತ್ತು, ಅವನ ಹೆಸರಿತ್ತು. ತನಿಖೆಯಲ್ಲಿ ಅವನನ್ನು ಯಾರೂ ‘ಅವತ್ತು ಎಲ್ಲಿದ್ದೆ?’ ಅಂತ ಬರವಣಿಗೆಯಲ್ಲಿ ಕೇಳಲಿಲ್ಲ. ಆ ಚೀಟಿಯನ್ನು ಅವನ ಹೆಂಡತಿ ಟ್ರಂಕಿನಲ್ಲಿ ಸೀರೆಯ ಕೆಳಗೆ ಇಟ್ಟಿದ್ದಳು. ವರ್ಷಗಳು ಕಳೆದ ಮೇಲೆ ಆರೋಪಿಗಳ ಪರ ಸಾಕ್ಷಿ ಹೇಳಿಸುವಾಗ ನಾವು ಅದನ್ನು ಹಾಜರುಪಡಿಸಿದೆವು, ದಲಾಲರ ಅಂಗಡಿಯ ಗುಮಾಸ್ತರು ಬಂದು ಪುಸ್ತಕ ತೋರಿಸಿದರು. ಅವನೊಬ್ಬನೇ ಅಲ್ಲ, ಐವರೂ ಖುಲಾಸೆ ಆದರು. ಜಗಳದ ಜಾಗಕ್ಕೇ ಹೋಗಿ ನೋಡಿ ಪಂಚನಾಮೆಗೆ ಸಾಕ್ಷಿ ಹಾಕಬೇಕಿದ್ದ ಇಬ್ಬರು ಪಂಚರು ಅದಕ್ಕೆ ಠಾಣೆಯಲ್ಲೇ ಸಹಿ ಮಾಡಿದ್ದಾಗಿ ಒಪ್ಪಿಕೊಂಡಿದ್ದರು.

ಅಷ್ಟರಲ್ಲಿ ಆ ಮನೆಯಲ್ಲಿ ಏನೇನಾಗಿತ್ತು ಕೇಳಿ. ಮೊದಲ ತಿಂಗಳಲ್ಲೇ ಎತ್ತು ಮಾರಿದ್ದರು. ಜಾಮೀನಿಗೆ ಹೊಲದ ಉತಾರ, ಅಂದರೆ ಪಹಣಿ, ಕೊಡುವವರನ್ನು ಹುಡುಕಿಕೊಂಡು ಬೀಗರ ಊರುಗಳಿಗೆಲ್ಲ ಅಲೆದಿದ್ದರು. ಕಿರಿಯ ಮಗಳಿಗೆ ಗೊತ್ತಾದ ಸಂಬಂಧ ಮುರಿಯಿತು. ಅವಳ ಹೆಸರು ದೂರಿನಲ್ಲಿ ಇರಲೇ ಇಲ್ಲ. ಅಜ್ಜಿ ತೀರ್ಪು ಬರುವ ಮುಂಚೆ ತೀರಿಕೊಂಡರು. ಸತ್ತವರ ಮೇಲಿನ ಕೇಸು ಅಲ್ಲಿಗೇ ಮುಗಿಯುತ್ತದೆ. ಅದು ಖುಲಾಸೆ ಅಲ್ಲ. ಐವರು ಖುಲಾಸೆ ಅಂದೆನಲ್ಲ, ತೀರ್ಪಿನ ಹಾಳೆಯಲ್ಲಿ ಇದ್ದಿದ್ದು ನಾಲ್ಕೇ ಹೆಸರು. ಆದರೂ ನಾನು ಐವರು ಅಂತಲೇ ಹೇಳುತ್ತೇನೆ.

ತೀರ್ಪಿನ ದಿನ ಯಜಮಾನರು ನನಗೆ ಹೇಳಿದ್ದು, ‘ಅಕ್ಕಾರ, ಖುಲಾಸೆ ಆತು ಅಂತ ಊರಾಗ ಯಾರ ಮುಂದ ಹೇಳೂಣ್ರಿ? ಜೀಪಿನ್ಯಾಗ ಒಯ್ಯೂದನ್ನ ಎಲ್ಲಾರೂ ನೋಡ್ಯಾರ. ಇದನ್ನ ಯಾರು ನೋಡ್ಯಾರ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತು ನಾನು ಇಲ್ಲಿ ಬಂದಿರುವುದೇ ಆ ಪ್ರಶ್ನೆಗಾಗಿ.

ಇದು ಬರೀ ಹಳ್ಳಿ ಜಗಳದ ವಿಷಯ ಅಲ್ಲ. 2008ರಲ್ಲಿ ಹುಬ್ಬಳ್ಳಿಯಲ್ಲಿ ಉಗ್ರರ ಸಂಚು ಎಂದು ದೊಡ್ಡ ಕೇಸು ದಾಖಲಾಯಿತು. ಆರೋಪಿಗಳಲ್ಲಿ ವೈದ್ಯಕೀಯ ವಿದ್ಯಾರ್ಥಿಗಳೂ ಇದ್ದರು. ವಾರಗಟ್ಟಲೆ ಅದೇ ಸುದ್ದಿ. 2015ರಲ್ಲಿ ಹುಬ್ಬಳ್ಳಿಯ ನ್ಯಾಯಾಲಯ 17 ಮಂದಿಯನ್ನೂ ಖುಲಾಸೆ ಮಾಡಿತು. ಬಂಧನದ ಸುದ್ದಿ ನಿಮಗೆ ನೆನಪಿರಬಹುದು. ಖುಲಾಸೆಯ ಸುದ್ದಿ ಎಷ್ಟು ಜನರಿಗೆ ನೆನಪಿದೆ?

ಮಹಾರಾಷ್ಟ್ರದ ಇನ್ನೊಂದು ಪ್ರಕರಣ ಕೇಳಿ. 2003ರಲ್ಲಿ ನಾಸಿಕ್ ಹತ್ತಿರ ಒಂದು ಕುಟುಂಬದ ಮೇಲೆ ಭೀಕರ ದಾಳಿ, ಕೊಲೆ. ಅಲೆಮಾರಿ ಸಮುದಾಯದ ಆರು ಬಡ ಕೂಲಿಗಳನ್ನು ಹಿಡಿದರು. ಅವರಲ್ಲಿ ಅಣ್ಣತಮ್ಮಂದಿರಿದ್ದರು, ಘಟನೆಯ ಹೊತ್ತಿಗೆ ಇನ್ನೂ ಬಾಲಕನಾಗಿದ್ದ ಒಬ್ಬನೂ ಇದ್ದ. 2009ರಲ್ಲಿ ಸುಪ್ರೀಂ ಕೋರ್ಟೇ ಆರೂ ಜನರಿಗೆ ಮರಣದಂಡನೆ ಎಂದಿತು. ಹತ್ತು ವರ್ಷದ ಮೇಲೆ, 2019ರ ಮಾರ್ಚಿನಲ್ಲಿ, ಅದೇ ಸುಪ್ರೀಂ ಕೋರ್ಟ್ ತನ್ನ ತೀರ್ಪನ್ನು ಮರಳಿ ನೋಡಿ ಆರೂ ಮಂದಿಯನ್ನು ಬಿಡುಗಡೆ ಮಾಡಿತು. ಬದುಕುಳಿದ ಸಾಕ್ಷಿ ಪೊಲೀಸರ ಫೋಟೋ ಆಲ್ಬಮ್ಮಿನಲ್ಲಿ ಬೇರೆ ನಾಲ್ವರನ್ನು ಗುರುತಿಸಿದ್ದಳು. ಅವರ ವಿಚಾರಣೆ ಆಗಲೇ ಇಲ್ಲ. ಹದಿನಾರು ವರ್ಷ ಜೈಲು. ಪರಿಹಾರ ತಲಾ 5 ಲಕ್ಷ ರೂಪಾಯಿ. ಈ ಕೇಸಿನಲ್ಲಿ ಯಾರನ್ನು ಹಿಡಿದರು ಅಂತ ನೋಡಿ. ಆಮೇಲೆ 1871ರ ಕಾಯ್ದೆ ಸತ್ತಿದೆಯೋ ಇಲ್ಲವೋ ಹೇಳಿ.

ನಮ್ಮ ರಾಜ್ಯದ್ದೇ ಒಂದು. ಕೊಡಗಿನ ಕುಶಾಲನಗರದ ಕಡೆಯ ಆದಿವಾಸಿಯೊಬ್ಬರು, ಹೆಂಡತಿ ಕಾಣೆಯಾಗಿದ್ದಾಳೆ ಅಂತ ತಾವೇ ಠಾಣೆಗೆ ಹೋಗಿ ದೂರು ಕೊಟ್ಟವರು. ಬೇರೆ ಕಡೆ ಒಂದು ಅಸ್ಥಿಪಂಜರ ಸಿಕ್ಕಿತು. ಇದು ಅವಳದೇ, ನೀನೇ ಕೊಂದೆ ಅಂದರು. ಡಿಎನ್‌ಎ ಹೊಂದಲಿಲ್ಲ. ಆದರೂ ಕೇಸು ನಿಲ್ಲಲಿಲ್ಲ. ವರ್ಷಕ್ಕೂ ಮೀರಿ ಅವರು ಜೈಲಿನಲ್ಲಿದ್ದರು. 2025ರ ಏಪ್ರಿಲಿನಲ್ಲಿ ಆ ಹೆಂಡತಿ ಜೀವಂತವಾಗಿ ಮಡಿಕೇರಿಯಲ್ಲಿ ಕಣ್ಣಿಗೆ ಬಿದ್ದರು. ಮೈಸೂರಿನ ನ್ಯಾಯಾಲಯ ಗಂಡನನ್ನು ಖುಲಾಸೆ ಮಾಡಿ 1 ಲಕ್ಷ ರೂಪಾಯಿ ಪರಿಹಾರ ಕೊಡಲು ಹೇಳಿತು. ಅಪ್ಪನೇ ಅಮ್ಮನನ್ನು ಕೊಂದ ಅಂತ ನಂಬಿಸಿದ ಊರಲ್ಲಿ ಆ ಮಕ್ಕಳು ಬೆಳೆದರು. ಅದಕ್ಕೆ ಎಷ್ಟು ರೂಪಾಯಿ ಅಂತ ಯಾರು ಕಟ್ಟುತ್ತಾರೆ?

ವರದಕ್ಷಿಣೆ ಕೇಸುಗಳ ಬಗ್ಗೆ ನೀವು ಕೇಳಿಯೇ ಕೇಳುತ್ತೀರಿ, ಅಲ್ವಾ? ಹಾಗಾಗಿ ಈಗಲೇ ಹೇಳಿಬಿಡುತ್ತೇನೆ. ಈ ದೇಶದಲ್ಲಿ ವರ್ಷಕ್ಕೆ ಆರು ಸಾವಿರಕ್ಕೂ ಹೆಚ್ಚು ವರದಕ್ಷಿಣೆ ಸಾವುಗಳು ದಾಖಲಾಗುತ್ತವೆ. ಆ ಕಾನೂನು ಬೇಕು. ನಾನು ಅಂಥ ಹೆಣ್ಣುಮಕ್ಕಳ ಪರವಾಗಿಯೂ ನಿಂತವಳು. ಆದರೆ ಗಂಡನ ಹೆಸರಿನ ಜೊತೆಗೆ, ಬೇರೆ ಊರಲ್ಲಿರುವ ನಾದಿನಿ, ಮೈದುನ, ಚಿಕ್ಕಪ್ಪ ಎಲ್ಲರ ಹೆಸರನ್ನೂ ಒಂದೇ ಸಾಲಿನಲ್ಲಿ ಬರೆಸಿದರೆ ನಿಜವಾದ ತಪ್ಪಿತಸ್ಥನೂ ಅದೇ ಗುಂಪಿನಲ್ಲಿ ತಪ್ಪಿಸಿಕೊಳ್ಳುತ್ತಾನೆ. ಯಾರು ಏನು ಮಾಡಿದರು ಅಂತ ಬಿಡಿಸಿ ಹೇಳದ ಆರೋಪದ ಮೇಲೆ ಗಂಡನ ಮನೆಯವರನ್ನೆಲ್ಲ ಎಳೆಯಬಾರದು ಎಂದು ಸುಪ್ರೀಂ ಕೋರ್ಟ್ 2022ರಲ್ಲೂ 2024ರಲ್ಲೂ ಹೇಳಿದೆ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಪೊಲೀಸರು ಸುಮ್ನೆ ಬಂಧಿಸುವಂತಿಲ್ಲ, ಕಾರಣ ಬರೆಯಬೇಕು, ಮೊದಲು ನೋಟಿಸು ಕೊಡಬೇಕು ಎಂದು ಸುಪ್ರೀಂ ಕೋರ್ಟಿನ 2014ರ ಅರ್ನೇಶ್ ಕುಮಾರ್ ತೀರ್ಪಿನಲ್ಲಿದೆ. ಈ ತೀರ್ಪು ಹೆಣ್ಣುಮಕ್ಕಳಿಗೆ ವಿರೋಧ ಅಂತ ಕೆಲವರು ತಿಳಿದಿದ್ದಾರೆ. ಕಳ್ಳತನದ ಆರೋಪದ ಹುಡುಗನಿಗೂ ಅದೇ ತೀರ್ಪು ರಕ್ಷಣೆ.

ಈಗ ಪರಿಹಾರದ ಮಾತಿಗೆ ಬರೋಣ. ನನಗೆ ಅತಿ ಹೆಚ್ಚು ಸಿಟ್ಟು ಬರುವುದು ಇಲ್ಲಿ.

ಕಾರಣವಿಲ್ಲದೆ ಬಂಧನ ಮಾಡಿಸಿದರೆ ಬಂಧಿತನಿಗೆ ಪರಿಹಾರ ಕೊಡಿಸಬಹುದು ಎಂದು ನಮ್ಮ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಒಂದು ಕಲಮು ಇತ್ತು. ಅದರ ಮಿತಿ ಒಂದು ಸಾವಿರ ರೂಪಾಯಿ. 2024ರ ಜುಲೈ 1ರಿಂದ ಹೊಸ ಸಂಹಿತೆ ಜಾರಿಗೆ ಬಂತು. ಕಲಮಿನ ಸಂಖ್ಯೆ 399 ಆಯಿತು. ಮಿತಿ ಒಂದು ಸಾವಿರವೇ ಉಳಿಯಿತು. ಹುಬ್ಬಳ್ಳಿಯಿಂದ ಬೆಳಗಾವಿಯ ಹಿಂಡಲಗಾ ಜೈಲಿಗೆ ಹೋಗಿ ಮಗನನ್ನು ಎರಡು ಸಲ ನೋಡಿಬರುವ ತಾಯಿಯ ಖರ್ಚಿಗೂ ಅದು ಸಾಲುವುದಿಲ್ಲ.

ಇದಲ್ಲದೆ ಹೈಕೋರ್ಟಿಗೋ ಸುಪ್ರೀಂ ಕೋರ್ಟಿಗೋ ರಿಟ್, ಅಂದರೆ ಮೂಲಭೂತ ಹಕ್ಕಿಗಾಗಿ ನೇರ ಅರ್ಜಿ, ಹಾಕಬಹುದು. ಆ ದಾರಿ ತೆರೆದಿದ್ದು 1983ರ ರುದುಲ್ ಸಾಹ್ ಪ್ರಕರಣದಲ್ಲಿ. ಬಿಹಾರದ ಈ ಮನುಷ್ಯ 1968ರಲ್ಲಿ ಖುಲಾಸೆ ಆದ. ಜೈಲಿನಿಂದ ಹೊರಬಂದಿದ್ದು 1982ರಲ್ಲಿ. ಕೋರ್ಟು ಅವನಿಗೆ ಹಣ ಕೊಡಿಸಿತು, ಮೂಲಭೂತ ಹಕ್ಕು ಮುರಿದರೆ ಸರ್ಕಾರ ಪರಿಹಾರ ಕೊಡಬೇಕು ಎಂಬ ನಿಯಮ ಅಲ್ಲಿಂದ ಬೇರು ಬಿಟ್ಟಿತು. ಬೇಹುಗಾರಿಕೆಯ ಆರೋಪದ ಮೇಲೆ ಇಸ್ರೋ ವಿಜ್ಞಾನಿ ನಂಬಿ ನಾರಾಯಣನ್ ಅವರ ಬಂಧನ 1994ರಲ್ಲಿ. ಕೇಸು ಸುಳ್ಳು ಎಂದು ಸಿಬಿಐ ಹೇಳಿದ್ದು 1996ರಲ್ಲಿ. ಸುಪ್ರೀಂ ಕೋರ್ಟ್ 50 ಲಕ್ಷ ಪರಿಹಾರ ಕೊಡಿಸಿದ್ದು 2018ರ ಸೆಪ್ಟೆಂಬರಿನಲ್ಲಿ. ಅದೇ ಕೇಸಿನಲ್ಲಿ ಬೆಂಗಳೂರಿನವರೂ ಆರೋಪಿಗಳಾಗಿದ್ದರು. ಅವರಲ್ಲಿ ಒಬ್ಬರು, ಕೆ. ಚಂದ್ರಶೇಖರ್, ಆ ತೀರ್ಪು ಬಂದ ದಿನಗಳಲ್ಲೇ ತೀರಿಕೊಂಡರು. ಹೆಸರಾಂತ ವಿಜ್ಞಾನಿಗೇ 24 ವರ್ಷ ಹಿಡಿಯಿತು. ಶಿಗ್ಗಾವಿಯ ಕೂಲಿಯವನಿಗೆ ಎಷ್ಟು ಹಿಡಿಯಬೇಕು?

ಕಾನೂನು ಆಯೋಗ 2018ರ ಆಗಸ್ಟಿನಲ್ಲಿ ತನ್ನ 277ನೇ ವರದಿಯಲ್ಲಿ ಇದನ್ನೇ ಎತ್ತಿಕೊಂಡಿತು. ದುರುದ್ದೇಶದಿಂದ ಕೇಸು ನಡೆಸಿದರೆ ಪರಿಹಾರ ಕೇಳಲು ಪ್ರತಿ ಜಿಲ್ಲೆಯಲ್ಲಿ ವಿಶೇಷ ನ್ಯಾಯಾಲಯ ಇರಲಿ, ಬೇಗ ತೀರ್ಮಾನ ಆಗಲಿ, ಹಣದ ಜೊತೆಗೆ ಓದು, ಕೌಶಲ, ಮನಸ್ಸಿನ ಆರೈಕೆಗೂ ನೆರವು ಸಿಗಲಿ ಎಂದಿತು. ವರದಿ ಇದೆ, ಕಾನೂನು ಆಗಿಲ್ಲ. ನಾನು ಕೇಳುವುದು ಅದಕ್ಕಿಂತ ಒಂದು ಹೆಜ್ಜೆ ಮುಂದೆ. ಪರಿಹಾರದ ಅರ್ಜಿಯಲ್ಲಿ ಮನೆಯವರೂ ಅರ್ಜಿದಾರರಾಗಬೇಕು. ಓದು ಬಿಟ್ಟ ಮಗ, ಮದುವೆ ಮುರಿದ ಮಗಳು, ಸಾಲ ಮಾಡಿದ ತಮ್ಮ, ಇವರ ನಷ್ಟವನ್ನೂ ಕೋರ್ಟು ಲೆಕ್ಕಕ್ಕೆ ತಗೊಳ್ಳಬೇಕು. ವಿಚಾರಣೆ ನಡೆಯುವಾಗಲೇ ತೀರಿಕೊಂಡವರ ಹೆಸರನ್ನು, ಮನೆಯವರು ಕೇಳಿದರೆ, ತೀರ್ಪಿನಲ್ಲಿ ಪರಿಶೀಲಿಸಿ ಹೇಳಬೇಕು.

ನಮ್ಮ ವಕೀಲ ವೃತ್ತಿಯ ಬಗ್ಗೆಯೂ ಹೇಳಲೇಬೇಕು. 2020ರ ಫೆಬ್ರುವರಿಯಲ್ಲಿ ಹುಬ್ಬಳ್ಳಿಯ ವಕೀಲರ ಸಂಘ, ದೇಶದ್ರೋಹದ ಆರೋಪದ ಮೂವರು ಕಾಶ್ಮೀರಿ ವಿದ್ಯಾರ್ಥಿಗಳ ಪರ ಯಾರೂ ವಕಾಲತ್ತು ಹಾಕಬಾರದು ಅಂತ ನಿರ್ಣಯ ಮಾಡಿತು. ಹೈಕೋರ್ಟ್ ಗಟ್ಟಿಯಾಗಿ ಹೇಳಿದ ಮೇಲೆ ಅದನ್ನು ಬದಲಿಸಿತು. ಆ ಕೇಸಿನ ಸತ್ಯಾಸತ್ಯ ನನ್ನ ಮಾತಿನ ವಿಷಯ ಅಲ್ಲ. ಇಂಥ ನಿರ್ಣಯಗಳಿಗೆ ಬೆಲೆಯೇ ಇಲ್ಲ, ಅವು ಸಂವಿಧಾನಕ್ಕೂ ವೃತ್ತಿಧರ್ಮಕ್ಕೂ ವಿರುದ್ಧ ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿತ್ತು. ವಕೀಲರೇ ಬಾಗಿಲು ಹಾಕಿಕೊಂಡರೆ ನಿರಪರಾಧಿ ಯಾರು ಅಂತ ಗೊತ್ತಾಗುವುದಾದರೂ ಹೇಗೆ? ನಮ್ಮ ಭಾಗಕ್ಕೆ ಹೈಕೋರ್ಟ್ ಪೀಠ ಬೇಕು ಅಂತ ಇಲ್ಲಿನ ವಕೀಲರೂ ಜನರೂ ಎಷ್ಟು ವರ್ಷ ಹೋರಾಡಿದರು. 2008ರಲ್ಲಿ ಧಾರವಾಡಕ್ಕೆ ಸಂಚಾರಿ ಪೀಠ ಬಂತು, 2013ರಲ್ಲಿ ಕಾಯಂ ಆಯಿತು. ಅದಕ್ಕೂ ಮುಂಚೆ ಒಂದು ಜಾಮೀನಿಗೆ ಬೆಂಗಳೂರಿಗೆ ರಾತ್ರಿ ಬಸ್ಸು ಹತ್ತಬೇಕಿತ್ತು. ಅಷ್ಟು ಹೋರಾಡಿ ತಂದ ಪೀಠ ಎಲ್ಲರಿಗೂ ತಾನೇ?

ಈ ಸಭೆಯಲ್ಲಿ ಪತ್ರಕರ್ತರು ಇದ್ದೀರಿ. ನಿಮಗೆ ಒಂದು ಬೇಡಿಕೆ. ಬಂಧನದ ಸುದ್ದಿ ಯಾವ ಪುಟದಲ್ಲಿ, ಎಷ್ಟು ಕಾಲಂ ಬಂದಿತ್ತೋ ಖುಲಾಸೆಯೂ ಅದೇ ಪುಟದಲ್ಲಿ, ಅಷ್ಟೇ ಜಾಗದಲ್ಲಿ ಬರಲಿ. ಆರೋಪಿಯ ಮನೆಯ ಫೋಟೋ, ಓಣಿಯ ಹೆಸರು, ಅಪ್ಪನ ಕಸುಬು ಹಾಕಬೇಡಿ. ಮನೆ ಆರೋಪಿ ಅಲ್ಲ. ಹಾವೇರಿಯ ಆ ಯಜಮಾನರ ಪ್ರಶ್ನೆಗೆ ಉತ್ತರ ಕೊಡುವ ಶಕ್ತಿ ಕೋರ್ಟಿಗಿಂತ ನಿಮಗೆ ಜಾಸ್ತಿ ಇದೆ.

ಇನ್ನು ನಿಮ್ಮ ಪ್ರಶ್ನೆಗಳು.

ಬಂಧನದ ರಾತ್ರಿ ಮನೆಯವರು ಏನು ಮಾಡಬೇಕು ಅಂತ ಒಬ್ಬ ತಾಯಿ ಕೇಳಿದರು. ಮೊದಲು ಯಾವ ಠಾಣೆ, ಯಾವ ಕೇಸು ಅಂತ ತಿಳಿದುಕೊಳ್ಳಿ. ಬಂಧಿಸಿದ ಕೂಡಲೇ ಮನೆಯವರಿಗೆ ತಿಳಿಸುವುದು, ಬಂಧನದ ಮೆಮೊಗೆ ಸಾಕ್ಷಿಯ ಸಹಿ ಹಾಕಿಸುವುದು ಪೊಲೀಸರ ಕರ್ತವ್ಯ. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲೇಬೇಕು. ಹೊಡೆದಿದ್ದರೆ ಅದನ್ನು ಅಲ್ಲೇ, ಆಗಲೇ ಮ್ಯಾಜಿಸ್ಟ್ರೇಟರಿಗೆ ಹೇಳಬೇಕು. ದುಡ್ಡಿಲ್ಲ ಅಂತ ಹೆದರಬೇಡಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ, ಬಂಧನದಲ್ಲಿ ಇರುವ ಯಾರಿಗೇ ಆಗಲಿ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇದೆ. 15100ಕ್ಕೆ ಫೋನು ಮಾಡಬಹುದು. ಅವತ್ತಿನ ದಿನ ಅವನು ಎಲ್ಲಿದ್ದ ಅನ್ನುವುದಕ್ಕೆ ಇರುವ ಚೀಟಿ, ಟಿಕೆಟು, ಫೋನಿನ ಲೆಕ್ಕ ಏನೇ ಇದ್ದರೂ ಅದೇ ರಾತ್ರಿ ಹುಡುಕಿ ಎತ್ತಿಡಿ. ಸಿಸಿಟಿವಿ ಇರುವ ಅಂಗಡಿಯಾದರೆ ಮರುದಿನವೇ ಹೋಗಿ ಕೇಳಿ. ಕೆಲವು ದಿನ ಆದರೆ ಅದು ಅಳಿಸಿಹೋಗುತ್ತದೆ.

‘ಸಂಶಯದ ಲಾಭ’ ಅಂತ ತೀರ್ಪಿನಲ್ಲಿ ಬರೆದಿದ್ದಾರೆ, ನೌಕರಿಗೆ ತೊಂದರೆ ಆಗುತ್ತಾ ಅಂತ ಒಬ್ಬ ಹುಡುಗ ಕೇಳಿದ. ಆಗುತ್ತದೆ, ಆಗಬಾರದು. ಗೌರವದ ಖುಲಾಸೆ, ಬರೀ ಖುಲಾಸೆ ಅಂತ ಎರಡು ಬಗೆ ನಮ್ಮ ಸಂಹಿತೆಯಲ್ಲಿ ಇಲ್ಲ. ಆದರೆ ಕೆಲಸ ಕೊಡುವ ಇಲಾಖೆಗಳು ನೋಡುವುದು ಅದನ್ನೇ. ಅರ್ಜಿಯಲ್ಲಿ ಕೇಸಿನ ವಿಷಯ ಕೇಳಿದ್ದರೆ ಮುಚ್ಚಿಡಬೇಡ, ಖುಲಾಸೆಯ ದೃಢೀಕೃತ ನಕಲು ಲಗತ್ತಿಸು. ಮುಚ್ಚಿಟ್ಟದ್ದೇ ಆಮೇಲೆ ಕೆಲಸ ಕಳೆಯುತ್ತದೆ.

ಖುಲಾಸೆ ಆದ ಮೇಲೆ ಇನ್ನೇನು ಬಾಕಿ ಅಂತ ಕೇಳಿದ ಹಿರಿಯರಿಗೆ ಹೇಳಿದ್ದು ಇದು. ಮೇಲಿನ ಕೋರ್ಟು ಕರೆದರೆ ಬರುತ್ತೇನೆ ಅಂತ ಆರು ತಿಂಗಳಿಗೆ ಬಾಂಡು ಕೇಳುತ್ತಾರೆ, ಅದಕ್ಕೆ ಗಾಬರಿ ಬೇಡ. ಜಪ್ತಿ ಮಾಡಿದ ಗಾಡಿ, ಫೋನು ವಾಪಸು ಕೊಡಲು ಅರ್ಜಿ ಹಾಕಿ. ಜಾಮೀನು ನಿಂತವರ ಉತಾರದಲ್ಲಿ ಬೋಜಾ, ಅಂದರೆ ಜಾಮೀನಿನ ಹೊಣೆಯ ನಮೂದು, ಏರಿಸಿದ್ದರೆ ಅದನ್ನು ತೆಗೆಸಿ. ಎಷ್ಟೋ ಕಡೆ ಅದು ಹಾಗೇ ಉಳಿದು, ಪಾಪ, ಉಪಕಾರ ಮಾಡಿದವರಿಗೇ ಬ್ಯಾಂಕಿನಲ್ಲಿ ಸಾಲ ಸಿಗುವುದಿಲ್ಲ. ಸುಳ್ಳು ಕೇಸು ಹಾಕಿಸಿದವರ ಮೇಲೆ ದುರುದ್ದೇಶದ ಮೊಕದ್ದಮೆಗಾಗಿ ನಷ್ಟ ಕೇಳುವ ದಾವೆಗೆ ಒಂದೇ ವರ್ಷದ ಗಡುವು. ಆ ಗಡುವು ಖುಲಾಸೆ ಆದ ದಿನದಿಂದಲೇ ಶುರುವಾಗುತ್ತದೆ. ಮನೆಯವರು ಉಸಿರು ಬಿಟ್ಟು, ಸಾಲ ತೀರಿಸಿ, ಮುಂದೇನು ಅಂತ ಯೋಚಿಸುವಷ್ಟರಲ್ಲಿ ವರ್ಷ ಮುಗಿದಿರುತ್ತದೆ. ಇಲ್ಲಿ ಕೂತ ಯಾರದಾದರೂ ಮನೆಯ ಕೇಸು ಇತ್ತೀಚೆಗೆ ಖುಲಾಸೆ ಆಗಿದ್ದರೆ ತೀರ್ಪಿನ ತಾರೀಖು ಇವತ್ತೇ ತೆಗೆದು ನೋಡಿ. ನಾನು ಇನ್ನೂ ಒಂದು ತಾಸು ಇಲ್ಲೇ ಇರುತ್ತೇನೆ. ಕಾಗದ ತಂದವರು ಬನ್ನಿ, ಕೂತು ನೋಡೋಣ.